ಮಕ್ಕಳ ಸಿಡುಕಿನ ಹಿಂದೆ ಖಿನ್ನತೆ ಇರಬಹುದು

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ 625ಕ್ಕೆ 625 ತೆಗೆದ ಮಕ್ಕಳ ಬಾಯಿಗೆ ಸಿಹಿ ಇಡುತ್ತಿರುವ ಅಪ್ಪ-ಅಮ್ಮಂದಿರ ಚಿತ್ರ ಇರುತ್ತದೆ. ಒಳಪುಟದ ಮೂಲೆಯಲ್ಲಿ ‘ಕಡಿಮೆ ಅಂಕ: ವಿದ್ಯಾರ್ಥಿ ಆತ್ಮಹತ್ಯೆ’ ಎಂಬ ನಾಲ್ಕು ಸಾಲು. ಬೆಂಗಳೂರಿನಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ಕೆಲಸ ಮಾಡುವ ನಮಗೆ ಆ ನಾಲ್ಕು ಸಾಲಿನ ಬಗ್ಗೆ ತಕರಾರಿದೆ. ಒಂದೇ ಕಾರಣಕ್ಕೆ ಇಂಥ ಸಾವು ಸಂಭವಿಸುವುದು ತೀರಾ ಅಪರೂಪ. ಎಷ್ಟೋ ಸಲ ಅದರ ಹಿಂದೆ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದ, ಬಿದ್ದರೂ ‘ಕೊಬ್ಬು’, ‘ಸೋಮಾರಿತನ’ ಎಂದು ಬೈಸಿಕೊಂಡ ಖಿನ್ನತೆ ಇರುತ್ತದೆ. ಅಂಕವೇ ಕಾರಣ ಎಂದು ಬರೆದರೆ, ಅದೇ ದಿನ ಅಷ್ಟೇ ಅಂಕ ತೆಗೆದು ಮನೆಯಲ್ಲಿ ಕೂತಿರುವ ಇನ್ನೊಂದು ಮಗುವಿಗೆ ಅದು ತಪ್ಪು ದಾರಿ ತೋರಿಸಿದಂತಾಗುತ್ತದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ: ವಿಧಾನ ವಿವರಿಸಬಾರದು, ಜಾಗ ಹೇಳಬಾರದು, ರೋಚಕ ಶೀರ್ಷಿಕೆ ಕೊಡಬಾರದು. ಅದರ ಜೊತೆಗೆ ನಮ್ಮದೊಂದು ಕೋರಿಕೆ. ಫಲಿತಾಂಶದ ಸುದ್ದಿಯ ಪಕ್ಕದಲ್ಲೇ ಮುಂದಿನ ಪರೀಕ್ಷೆಯ ದಿನಾಂಕಗಳನ್ನು ದಪ್ಪಕ್ಷರದಲ್ಲಿ ಹಾಕಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಫೇಲಾದರೆ ಇಡೀ ವರ್ಷ ಹಾಳು ಎಂಬ ಕಾಲ ಹೋಗಿದೆ ಎನ್ನುವುದು ಎಷ್ಟೋ ತಂದೆ-ತಾಯಿಗೆ ಇನ್ನೂ ಗೊತ್ತಿಲ್ಲ.

ಈ ಪತ್ರದ ಉಳಿದ ಭಾಗ ಮನೆಯವರಿಗೆ.

ದೊಡ್ಡವರ ಖಿನ್ನತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಕ್ಕಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೂಲೆಯಲ್ಲಿ ಕೂತು ಅಳುವ ಮಗುವನ್ನು ಯಾರಾದರೂ ಬಂದು ಸಮಾಧಾನ ಮಾಡುತ್ತಾರೆ. ಸಿಡುಕುವ ಮಗುವಿಗೆ ಬೈಗುಳವೇ ಗತಿ. ಮಾತಿಗೆ ಮುಂಚೆ ರೇಗುವುದು, ಬಾಗಿಲು ದಡಾರ್ ಎಂದು ಹಾಕಿಕೊಳ್ಳುವುದು, ತಂಗಿಯ ಮೇಲೆ ಸುಮ್ಮಸುಮ್ಮನೆ ಕೈಮಾಡುವುದು, ಇವೆಲ್ಲ ಖಿನ್ನತೆಯೇ ಇರಬಹುದು. ವೈದ್ಯಕೀಯ ಮಾನದಂಡದಲ್ಲಿಯೂ ಮಕ್ಕಳಿಗೆ, ಹದಿಹರೆಯದವರಿಗೆ ದುಃಖದ ಬದಲು ಸಿಡುಕನ್ನೇ ಮುಖ್ಯ ಲಕ್ಷಣವೆಂದು ಪರಿಗಣಿಸಲು ಅವಕಾಶವಿದೆ. ಒಟ್ಟು ಒಂಬತ್ತು ಲಕ್ಷಣಗಳು: ದುಃಖ ಅಥವಾ ಸಿಡುಕು, ಆಸಕ್ತಿ ಬತ್ತುವುದು, ಹಸಿವು-ತೂಕದಲ್ಲಿ ಏರುಪೇರು, ನಿದ್ದೆಯ ತೊಂದರೆ, ಚಡಪಡಿಕೆ ಅಥವಾ ಎಲ್ಲವೂ ನಿಧಾನವಾಗುವುದು, ಸುಸ್ತು, ತಾನು ಕೆಲಸಕ್ಕೆ ಬಾರದವನು ಎಂಬ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಐದಾದರೂ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ ಇರಬೇಕು. ಮೊದಲೆರಡರಲ್ಲಿ ಒಂದು ಇರಲೇಬೇಕು. ಬೆಳೆಯುವ ಮಗು ತೂಕ ಕಳೆದುಕೊಳ್ಳಬೇಕೆಂದೇನಿಲ್ಲ, ಏರಬೇಕಾದಷ್ಟು ಏರದಿದ್ದರೂ ಲೆಕ್ಕಕ್ಕೆ ಬರುತ್ತದೆ.

ಚಿಕ್ಕ ಮಕ್ಕಳಿಗೆ ‘ಬೇಜಾರು’ ಎನ್ನಲು ಬರುವುದಿಲ್ಲ, ಹೊಟ್ಟೆನೋವು ಎನ್ನುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಸ್ಕೂಲ್ ಬಸ್ ಹೋದ ಮೇಲೆ ಹತ್ತು ಗಂಟೆಗೆಲ್ಲ ನೋವು ಮಾಯವಾಗಿ ಮಗು ಆಟಕ್ಕಿಳಿದರೆ, ಶಾಲೆಯಲ್ಲೇ ಏನೋ ಹೆದರಿಕೆ ಇದೆ: ಯಾರೋ ಗೋಳುಹೊಯ್ದುಕೊಳ್ಳುತ್ತಿರಬಹುದು, ಒಬ್ಬ ಮೇಷ್ಟ್ರ ಭಯ ಇರಬಹುದು. ಭಾನುವಾರವೂ ಹಾಗೇ ಮಂಕಾಗಿದ್ದರೆ, ಇಷ್ಟದ ಮಸಾಲೆದೋಸೆಯೂ ಬೇಡವಾದರೆ ಖಿನ್ನತೆಯ ಕಡೆ ನೋಡಬೇಕು. ಎರಡೂ ಒಟ್ಟಿಗೆ ಇರುವುದೂ ಉಂಟು.

ಹದಿಹರೆಯದವರ ವಿಷಯದಲ್ಲಿ ಮನೆಯವರು ಎಡವುವ ಜಾಗ ಒಂದಿದೆ. ‘ಫ್ರೆಂಡ್ಸ್ ಬಂದ್ರೆ ಹಲ್ಲು ಕಿರೀತಾನೆ, ನಮ್ಮ ಮುಂದೆ ಮಾತ್ರ ಮುಖ ಊದಿಸ್ಕೊಂಡಿರ್ತಾನೆ, ಎಲ್ಲಾ ನಾಟಕ’ ಎನ್ನುವ ಮಾತು. ನಾಟಕವಲ್ಲ. ಈ ವಯಸ್ಸಿನ ಖಿನ್ನತೆಯಲ್ಲಿ ಒಳ್ಳೆಯದೇನಾದರೂ ನಡೆದರೆ ಮನಸ್ಸು ಸ್ವಲ್ಪ ಹೊತ್ತು ಮೇಲೇಳುತ್ತದೆ, ಆಮೇಲೆ ಮತ್ತೆ ಕುಸಿಯುತ್ತದೆ. ಒಂದು ಗಂಟೆ ನಕ್ಕ ಎಂಬ ಕಾರಣಕ್ಕೆ ಕಾಯಿಲೆ ಇಲ್ಲ ಎನ್ನಲಾಗದು. ಹೋಲಿಸುವುದಾದರೆ ಪಕ್ಕದ ಮನೆಯ ಹುಡುಗನ ಜೊತೆ ಬೇಡ, ಮೂರು ತಿಂಗಳ ಹಿಂದಿನ ಇದೇ ಮಗುವಿನ ಜೊತೆ ಹೋಲಿಸಿ. ಒಂದು ನೋಟ್‌ಬುಕ್‌ನಲ್ಲಿ ಹದಿನಾಲ್ಕು ದಿನ ಬರೆದಿಡಿ: ಮಲಗಿದ್ದೆಷ್ಟಕ್ಕೆ, ಎದ್ದದ್ದೆಷ್ಟಕ್ಕೆ, ಎಷ್ಟು ಹೊತ್ತಿನ ಊಟ ಬಿಟ್ಟ, ಶಾಲೆಗೆ ಹೋದನೇ, ಖುಷಿಯಿಂದ ಮಾಡಿದ್ದು ಯಾವುದಾದರೂ ಇತ್ತೇ. ವೈದ್ಯರ ಮುಂದೆ ‘ಯಾವಾಗಲೂ ಹೀಗೇ ಸಾರ್’ ಎನ್ನುವುದಕ್ಕಿಂತ ಆ ಎರಡು ಹಾಳೆ ನೂರು ಪಾಲು ಉಪಯೋಗಕ್ಕೆ ಬರುತ್ತದೆ.

ಇದೇನು ಅಪರೂಪದ ಸಂಗತಿಯಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಎಲ್ಲ ಬಗೆಯ ಮಾನಸಿಕ ತೊಂದರೆ ಸೇರಿ ಶೇ 7.3 ಕಂಡುಬಂತು. ನಲವತ್ತು ಮಕ್ಕಳ ತರಗತಿಯೊಂದಕ್ಕೆ ಸುಮಾರು ಮೂವರು.

ಇನ್ನು ಮಾತಾಡುವುದು ಹೇಗೆ? ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದರೆ ‘ಏನಿಲ್ಲ’ ಎಂಬುದಷ್ಟೇ ಉತ್ತರ. ಸ್ಕೂಟರ್‌ನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ, ಬಟ್ಟೆ ಮಡಚುವಾಗ, ಅವರೆಕಾಯಿ ಸುಲಿಯುವಾಗ, ಅಂದರೆ ಕೈಗೆ ಕೆಲಸ ಇದ್ದು ಕಣ್ಣಿಗೆ ಕಣ್ಣು ಕೂಡದ ಹೊತ್ತಿನಲ್ಲಿ ಮಕ್ಕಳು ಬಾಯಿ ಬಿಡುತ್ತಾರೆ. ತೀರ್ಪಿನಿಂದ ಶುರು ಮಾಡಬೇಡಿ, ಕಂಡದ್ದರಿಂದ ಶುರು ಮಾಡಿ: ‘ಎರಡು ವಾರದಿಂದ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಏಳ್ತಿದ್ದೀಯ ಕಂದ, ಶಟಲ್ ಬ್ಯಾಟ್ ಮುಟ್ಟಿಲ್ಲ. ನಂಗೆ ಯೋಚನೆ ಆಗ್ತಿದೆ.’ ಇಷ್ಟು ಹೇಳಿ ಸುಮ್ಮನಿರಿ. ‘ಏನಿಲ್ಲಮ್ಮ’ ಎಂದರೆ ‘ಆಯ್ತು, ಈಗ ಬೇಡ, ಮತ್ತೆ ಕೇಳ್ತೀನಿ’ ಎನ್ನಿ. ಎರಡು ದಿನ ಬಿಟ್ಟು ನಿಜಕ್ಕೂ ಕೇಳಿ. ಮರೆತುಬಿಟ್ಟರೆ ಮೊದಲನೆಯ ಮಾತಿಗೂ ಬೆಲೆ ಹೋಗುತ್ತದೆ. ‘ನಿಂಗೇನು ಕಮ್ಮಿ ಮಾಡಿದೀವಿ?’, ‘ನಮ್ಮ ಕಾಲದಲ್ಲಿ ಬೀದಿದೀಪದ ಕೆಳಗೆ ಓದ್ತಿದ್ವಿ’ ಎಂಬವು ಬಾಯಿ ಮುಚ್ಚಿಸುವ ಮಾತುಗಳು. ಎಲ್ಲಕ್ಕಿಂತ ಅಪಾಯದ್ದು ಆಣೆ. ‘ಇನ್ಮೇಲೆ ಹೀಗೆಲ್ಲ ಯೋಚನೆ ಮಾಡಲ್ಲ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಹೇಳು’ ಎಂದರೆ ಮಗು ಹೇಳಿಬಿಡುತ್ತದೆ. ಯೋಚನೆ ಮಾತ್ರ ನಿಲ್ಲುವುದಿಲ್ಲ, ಅಮ್ಮನ ಆಣೆ ಮುರಿದ ಪಾಪಪ್ರಜ್ಞೆ ಬೇರೆ ಸೇರಿಕೊಂಡು ಮುಂದಿನ ಸಲ ಬಾಯಿಯೇ ಬಿಡುವುದಿಲ್ಲ.

ಸಾವಿನ ಬಗ್ಗೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂಬ ಭಯ ಬಹಳ ಜನಕ್ಕಿದೆ, ಅದು ಆಧಾರವಿಲ್ಲದ್ದು. ‘ಬದುಕೇ ಬೇಡ ಅನ್ನಿಸುತ್ತಾ? ಸಾಯ್ಬೇಕು ಅಂತ ಯೋಚನೆ ಬಂದಿದೆಯಾ?’ ಎಂದು ಸಹಜ ದನಿಯಲ್ಲೇ ಕೇಳಬಹುದು. ಹೌದೆಂದರೆ ಎದೆ ಬಡಿದುಕೊಳ್ಳದೆ ‘ಹೇಳಿದ್ದು ಒಳ್ಳೇದಾಯ್ತು, ನಾನಿದೀನಿ’ ಎನ್ನಿ. ಹೇಗೆ ಎಂದು ಯೋಚಿಸಿದೆಯಾ, ಈಗಲೂ ಹಾಗೇ ಅನ್ನಿಸುತ್ತಿದೆಯಾ ಎಂದು ಕೇಳಿ. ಯೋಜನೆ ಇದ್ದರೆ ಅವತ್ತೇ ಆಸ್ಪತ್ರೆಗೆ. ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ, ರಾತ್ರಿ ಅದೇ ಕೋಣೆಯಲ್ಲಿ ಮಲಗಿ. ಅಜ್ಜ-ಅಜ್ಜಿಯ ಬಿಪಿ, ಶುಗರ್ ಮಾತ್ರೆ ಸೇರಿ ಮನೆಯಲ್ಲಿರುವ ಎಲ್ಲ ಔಷಧಗಳನ್ನು, ಕೀಟನಾಶಕಗಳನ್ನು ಬೀಗದೊಳಗಿಡಿ, ಕೀಲಿ ದೊಡ್ಡವರ ಹತ್ತಿರ ಇರಲಿ. ಇದು ಮಗುವಿನ ಮೇಲಿನ ಅಪನಂಬಿಕೆಯಲ್ಲ. ತೀವ್ರ ಆವೇಗ ಎಷ್ಟೋ ಸಲ ಕೆಲವೇ ನಿಮಿಷ, ಕೆಲವೇ ಗಂಟೆಯದ್ದು; ಆ ಹೊತ್ತು ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಗೆಳೆಯ-ಗೆಳತಿಯರಿಗೆ ಮನೆಯವರಿಗಿಂತ ಮೊದಲೇ ವಿಷಯ ಗೊತ್ತಿರುತ್ತದೆ. ಈ ಒಂದು ಗುಟ್ಟನ್ನು ಮಾತ್ರ ಕಾಪಾಡಬಾರದು, ದೊಡ್ಡವರಿಗೆ ಹೇಳಬೇಕು ಎಂದು ನಿಮ್ಮ ಮಕ್ಕಳಿಗೆ ಈಗಲೇ ಹೇಳಿಡಿ.

ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡಮಾಡುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ‘ನಾಳೆ ಮಗಳ ಮದುವೆಗೆ ತೊಂದರೆ’ ಎನ್ನುವವರಿಗೂ ಅದೇ ಕಾಯ್ದೆಯಲ್ಲಿ ಉತ್ತರವಿದೆ: ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು.

ಎಲ್ಲಿಗೆ ಹೋಗುವುದು? ಮೊದಲ ಹೆಜ್ಜೆಯಾಗಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಅಕ್ಟೋಬರ್ 2022ರಲ್ಲಿ ಶುರುವಾದ, ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಮಗುವೇ ಫೋನ್ ಮಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಪ್ರತ್ಯೇಕ ವಿಭಾಗವಿದೆ, ತುರ್ತು ಚಿಕಿತ್ಸೆ ರಾತ್ರಿಯೂ ಇದೆ. ಅಲ್ಲಿನ ನೂಕುನುಗ್ಗಲು ಬೇಡವೆಂದರೆ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ನೇರವಾಗಿ ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಕೆ ಇದ್ದರೆ ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರೇ ಸಾಕು, ಅಲ್ಲಿಂದ ಮುಂದಕ್ಕೆ ಚೀಟಿ ಬರೆಯುತ್ತಾರೆ. ಹರಕೆ ಹೊರುವುದಕ್ಕೆ, ತಾಯತ ಕಟ್ಟಿಸುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆಸ್ಪತ್ರೆಯ ತಾರೀಖು ತಪ್ಪಿಸಬೇಡಿ ಅಷ್ಟೇ. ಖಾಸಗಿ ಕೌನ್ಸೆಲರ್‌ಗಳ ಬೋರ್ಡು ಈಗ ಗಲ್ಲಿಗೊಂದು ಕಾಣುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕಿಕೊಂಡವರ ಹತ್ತಿರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಕೇಳುವುದರಲ್ಲಿ ಮರ್ಯಾದೆಗೆಡುವಂಥದ್ದೇನೂ ಇಲ್ಲ.

ಹೋಗುವಾಗ ಆ ನೋಟ್‌ಬುಕ್ ಜೊತೆಗೆ ಕಳೆದ ಮೂರು ವರ್ಷದ ಮಾರ್ಕ್ಸ್ ಕಾರ್ಡ್ ಒಯ್ಯಿರಿ. ಅಂಕ ಈ ವರ್ಷವಷ್ಟೇ ಜಾರಿದ್ದರೆ ಒಂದು ಕಥೆ, ಒಂದನೇ ಕ್ಲಾಸಿನಿಂದಲೂ ಕಷ್ಟಪಟ್ಟಿದ್ದರೆ ಬೇರೆಯದೇ ಕಥೆ. ಎರಡನೆಯದರಲ್ಲಿ ಯಾರೂ ಗುರುತಿಸದ ಕಲಿಕಾ ನ್ಯೂನತೆ (ಬುದ್ಧಿಯಿದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದು) ಇದ್ದು, ವರ್ಷಗಟ್ಟಲೆ ‘ದಡ್ಡ’ ಎನ್ನಿಸಿಕೊಂಡದ್ದರಿಂದ ಖಿನ್ನತೆ ಬಂದಿರಬಹುದು. ಅದಕ್ಕೆ ಪ್ರಮಾಣಪತ್ರ ಸಿಕ್ಕರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಇದೆ. ವೈದ್ಯರು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಬರೆದರೆ ‘ತಲೆಗೆ ಸಂಬಂಧಿಸಿದ್ದಕ್ಕೆ ರಕ್ತ ಯಾಕೆ’ ಎನ್ನಬೇಡಿ. ರಕ್ತಹೀನತೆ, ಥೈರಾಯ್ಡ್ ಕೊರತೆ ಎರಡೂ ಸುಸ್ತು-ಮಂಕುತನ ತರುತ್ತವೆ, ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಒಮ್ಮೆ ಅತಿಯಾದ ಹುರುಪು, ಒಮ್ಮೆ ಖಿನ್ನತೆ ಬರುವುದು) ಇದ್ದರೆ ಮುಚ್ಚಿಡಬೇಡಿ, ಔಷಧದ ಆಯ್ಕೆಯೇ ಬದಲಾಗಬಹುದು. ವೈದ್ಯರು ಮಗುವನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಮಾತಾಡಿಸುತ್ತಾರೆ. ಅಪ್ಪಂದಿರು ಮುನಿಸಿಕೊಳ್ಳುವುದು ಅಲ್ಲೇ. ಮನೆಯ ಜಗಳ, ಪ್ರೀತಿಪ್ರೇಮ, ಯಾರಾದರೂ ಮೈಮೇಲೆ ಕೈಹಾಕಿದ್ದು ಇಂಥವು ನಿಮ್ಮೆದುರು ಹೊರಗೆ ಬರುವುದಿಲ್ಲ.

ಲಘು ಖಿನ್ನತೆಗೆ ಮೊದಲಿಗೇ ಮಾತ್ರೆ ಬೇಕಾಗಿಲ್ಲ. ಮಾತು, ದಿನಚರಿ, ಎರಡು ವಾರದ ಗಮನ ಇಷ್ಟರಲ್ಲೇ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಮಧ್ಯಮ, ತೀವ್ರ ಹಂತದಲ್ಲಿ ಮನೋಚಿಕಿತ್ಸೆ, ಬೇಕಿದ್ದರೆ ಜೊತೆಗೆ ಔಷಧ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12ರಿಂದ 17 ವರ್ಷದ 439 ಮಕ್ಕಳನ್ನು 12 ವಾರ ನೋಡಿದರು. ಫ್ಲುಯೊಕ್ಸೆಟಿನ್ ಎಂಬ ಖಿನ್ನತೆ ನಿವಾರಕ ಮಾತ್ರೆಯ ಜೊತೆ ಅರಿವಿನ-ವರ್ತನೆಯ ಚಿಕಿತ್ಸೆ (ಯೋಚನೆ, ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಪಡೆದವರಲ್ಲಿ ಶೇ 71, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ 43, ಔಷಧವಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಶೇ 35 ಮಂದಿ ಸುಧಾರಿಸಿದರು. ಮಾತ್ರೆ ವಿಷ ಎನ್ನುವವರೂ ಮಾತ್ರೆಯೇ ಎಲ್ಲ ಎನ್ನುವವರೂ ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ಓದಿಕೊಳ್ಳಬೇಕು.

ಚಿಕಿತ್ಸೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಫ್ಲುಯೊಕ್ಸೆಟಿನ್ ಅನ್ನು ಹೆಚ್ಚಾಗಿ ದಿನಕ್ಕೆ 10 ಮಿಲಿಗ್ರಾಂನಿಂದ ಶುರು ಮಾಡಿ, ವಾರವೋ ಎರಡು ವಾರವೋ ಬಿಟ್ಟು 20ಕ್ಕೆ ಏರಿಸುತ್ತಾರೆ. ಬೆಳಗಿನ ತಿಂಡಿಯ ಜೊತೆ. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಯ ಏರುಪೇರು ಮೊದಲ ವಾರವೇ ಬರುತ್ತವೆ. ಗುಣ ಕಾಣುವುದು ನಾಲ್ಕರಿಂದ ಆರು ವಾರಕ್ಕೆ. ತೊಂದರೆ ಮೊದಲು, ಲಾಭ ಆಮೇಲೆ, ಹಾಗಾಗಿ ಎರಡನೇ ವಾರವೇ ‘ಇದು ಆಗಿಬರ್ತಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ದಾಟಿ ಮುಂದೆ ಬಂದವರು ಎರಡು-ಮೂರು ತಿಂಗಳಲ್ಲಿ ಮಗು ನಗತೊಡಗಿದ ಕೂಡಲೇ ‘ಅಭ್ಯಾಸ ಆಗಿಬಿಡುತ್ತೆ’ ಎಂದು ನಿಲ್ಲಿಸುತ್ತಾರೆ. ಈ ಮಾತ್ರೆಗೆ ಚಟ ಹತ್ತುವುದಿಲ್ಲ. ಹೀಗೆ ನಡುವೆ ನಿಲ್ಲಿಸಿದರೆ, ಜ್ವರ ಇಳಿಯಿತೆಂದು ಆ್ಯಂಟಿಬಯಾಟಿಕ್ ಅರ್ಧಕ್ಕೆ ಬಿಟ್ಟ ಹಾಗೆ ಆಗುತ್ತದೆ. ಪೂರ್ತಿ ಚೇತರಿಸಿಕೊಂಡ ಮೇಲೂ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಅಪಾಯವನ್ನೂ ಮುಚ್ಚಿಡಬೇಕಿಲ್ಲ. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಎಚ್ಚರಿಕೆ ಕೊಟ್ಟರು: ಖಿನ್ನತೆ ನಿವಾರಕ ತೆಗೆದುಕೊಂಡ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಶೇ 4, ಹುಸಿ ಮಾತ್ರೆಯವರಲ್ಲಿ ಶೇ 2. ಆ ಪ್ರಯೋಗಗಳಲ್ಲಿ ಸಾವು ಒಂದೂ ಇರಲಿಲ್ಲ. ಇದರ ಅರ್ಥ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಯಾರಾದರೂ ಮಗುವನ್ನು ಸರಿಯಾಗಿ ನೋಡಬೇಕು. ಇದ್ದಕ್ಕಿದ್ದಂತೆ ಚಡಪಡಿಕೆ, ನಿದ್ದೆಯೇ ಇಲ್ಲದಿದ್ದರೂ ಮೈತುಂಬ ಹುರುಪು, ಮಿತಿಮೀರಿದ ಮಾತು, ಸಾವಿನ ಮಾತು ಕಂಡರೆ ಅವತ್ತೇ ವೈದ್ಯರಿಗೆ ಫೋನ್. ಮಾತ್ರೆಯ ಸ್ಟ್ರಿಪ್ ಅಮ್ಮನ ಬೀರುವಿನಲ್ಲಿರಲಿ, ದಿನಕ್ಕೊಂದು ಕೊಡಿ.

ಮನೆಯಲ್ಲಿ ಮಾಡಬೇಕಾದದ್ದರಲ್ಲಿ ಹೆಚ್ಚು ಫಲ ಕೊಡುವುದು ಚಿಕ್ಕ ಚಿಕ್ಕ ಕೆಲಸಗಳ ವೇಳಾಪಟ್ಟಿ. ಮನಸ್ಸು ಸರಿಹೋದ ಮೇಲೆ ಮಾಡಲಿ ಎಂದು ಕಾದರೆ ಆ ದಿನ ಬರುವುದಿಲ್ಲ. ಖಿನ್ನತೆಯಲ್ಲಿ ಕೆಲಸ ಮೊದಲು, ಹುಮ್ಮಸ್ಸು ಆಮೇಲೆ. ಮೊದಲ ವಾರ ಬೆಳಿಗ್ಗೆ ಏಳೂವರೆಗೆ ಕಿಟಕಿಯ ಪರದೆ ಸರಿಸುವುದು, ಬಿಸಿಲಲ್ಲಿ ಹತ್ತು ನಿಮಿಷ ಕೂತು ಹಾಲು ಕುಡಿಯುವುದು, ಸಂಜೆ ಮೂಲೆ ಅಂಗಡಿಗೆ ನಡೆದುಹೋಗಿ ಕೊತ್ತಂಬರಿ ಸೊಪ್ಪು ತರುವುದು. ಇಷ್ಟೇ. ಪ್ರತಿ ಸಲ ಮಾಡುವ ಮುಂಚೆ ಮನಸ್ಸಿಗೆ ಹತ್ತಕ್ಕೆ ಎಷ್ಟು, ಮಾಡಿದ ಮೇಲೆ ಎಷ್ಟು ಎಂದು ಮಗುವೇ ಬರೆಯಲಿ. ಎರಡು ಇದ್ದದ್ದು ಮೂರಾದರೂ ಅದು ಅವನ ಕಣ್ಣಿಗೇ ಬೀಳುತ್ತದೆ. ಎರಡನೇ ವಾರ ಒಬ್ಬ ಗೆಳೆಯನಿಗೆ ಫೋನ್, ಮೂರನೇ ವಾರ ಅರ್ಧ ಗಂಟೆ ಶಟಲ್. ಮೊದಲ ದಿನವೇ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕಬ್ಬನ್ ಪಾರ್ಕ್‌ಗೆ ಓಡಿಸಲು ಹೊರಡುವ ಉತ್ಸಾಹಿ ಅಪ್ಪಂದಿರಿಂದ ಈ ಯೋಜನೆ ಎರಡೇ ದಿನಕ್ಕೆ ನಿಲ್ಲುತ್ತದೆ.

ನಿದ್ದೆಯ ವಿಷಯದಲ್ಲಿ ಮಲಗುವ ಹೊತ್ತಿನ ಜೊತೆ ಗುದ್ದಾಡಬೇಡಿ, ಏಳುವ ಹೊತ್ತನ್ನು ಗಟ್ಟಿ ಮಾಡಿ, ಮೂರು-ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಎಬ್ಬಿಸುತ್ತ ಬನ್ನಿ. ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಇಂಟಿಗ್ರೇಟೆಡ್ ಪಿಯು (ಪಿಯು ಜೊತೆಗೇ ಪ್ರವೇಶ ಪರೀಕ್ಷೆಯ ಕೋಚಿಂಗ್) ಸೇರಿದ ಮಗು ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು, ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ರಾತ್ರಿ ಎಂಟಕ್ಕೆ ಬಂದು, ಹನ್ನೆರಡರವರೆಗೆ ಟೆಸ್ಟ್‌ಗೆ ಓದಿದರೆ ಆ ಲೆಕ್ಕ ಎಲ್ಲಿಂದ ಕೂಡಬೇಕು? ಖಿನ್ನತೆ ಇರುವ ಮಗುವಿಗೆ ಒಂದು ಟ್ಯೂಷನ್ ಬಿಡಿಸುವುದೂ ಚಿಕಿತ್ಸೆಯ ಭಾಗವೇ. ಮೊಬೈಲ್ ಕಿತ್ತುಕೊಳ್ಳಬೇಡಿ, ಉಳಿದಿರುವ ನಾಲ್ಕು ಗೆಳೆಯರೂ ಅದರಲ್ಲೇ ಇದ್ದಾರೆ. ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಎಂಬ ನಿಯಮ ಸಾಕು, ಅದರಲ್ಲಿ ಅಪ್ಪನ ಫೋನೂ ಸೇರಬೇಕು.

ಶಾಲೆ-ಕಾಲೇಜುಗಳಿಗೆ ಹೇಳಬೇಕಾದದ್ದನ್ನು ಸುಪ್ರೀಂ ಕೋರ್ಟ್ ಜುಲೈ 2025ರಲ್ಲೇ ಹೇಳಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕು, ಅಂಕ ನೋಡಿ ಬ್ಯಾಚ್ ಬೇರ್ಪಡಿಸುವುದು, ಎಲ್ಲರೆದುರು ಅವಮಾನಿಸುವುದು ನಿಲ್ಲಬೇಕು, ಸಹಾಯವಾಣಿ ಸಂಖ್ಯೆಗಳು ಕಣ್ಣಿಗೆ ಬೀಳುವಂತಿರಬೇಕು. ಮೊದಲ ಸೆಕ್ಷನ್, ಕೊನೆಯ ಸೆಕ್ಷನ್ ಎಂದು ಅಂಕದ ಮೇಲೆ ಕೂರಿಸುವ ಕಾಲೇಜುಗಳ ಹೊರಗೋಡೆಯ ಫ್ಲೆಕ್ಸ್‌ನಲ್ಲಿ ರ‍್ಯಾಂಕ್ ವಿಜೇತರಿದ್ದಾರೆ, 14416 ಎಲ್ಲಿದೆ ಎಂದು ಪೋಷಕರ ಸಭೆಯಲ್ಲಿ ಕೇಳಿ.

ಚಿಕಿತ್ಸೆಯ ನಡುವೆ ಶಾಲೆಗೆ ಮರಳುವಾಗ ಮೊದಲ ವಾರ ಅರ್ಧ ದಿನ, ಕಿರುಪರೀಕ್ಷೆಗಳಿಂದ ವಿನಾಯಿತಿ, ಕಷ್ಟವಾದಾಗ ಹೋಗಿ ಕೂರಲು ನಂಬಿಕೆಯ ಒಬ್ಬ ಟೀಚರ್, ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. ಹಾಜರಾತಿ ಶೇ 75ಕ್ಕಿಂತ ಕೆಳಗಿಳಿಯುವ ಸೂಚನೆ ಇದ್ದರೆ ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ ವೈದ್ಯಕೀಯ ಪ್ರಮಾಣಪತ್ರ ಸಮೇತ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ. ಸಹಪಾಠಿಗಳಿಗೆ ಏನು ಹೇಳಬೇಕು ಎಂಬುದನ್ನು ಮಗುವೇ ತೀರ್ಮಾನಿಸಲಿ. ‘ಹುಷಾರಿರಲಿಲ್ಲ’ ಎಂದರೆ ಸಾಕು, ಅದು ನಿಜವೂ ಹೌದು.

ಖಿನ್ನತೆ ಮರುಕಳಿಸುವುದುಂಟು. ಮೊದಲ ಸಲ ಯಾವ ಲಕ್ಷಣ ಎಲ್ಲಕ್ಕಿಂತ ಮುಂಚೆ ಬಂದಿತ್ತೋ ಎರಡನೇ ಸಲವೂ ಸಾಮಾನ್ಯವಾಗಿ ಅದೇ ಮುಂಚೆ ಬರುತ್ತದೆ: ಒಬ್ಬರಿಗೆ ನಿದ್ದೆ ಕೆಡುವುದು, ಇನ್ನೊಬ್ಬರಿಗೆ ಸ್ನಾನ ತಪ್ಪಿಸುವುದು, ಮತ್ತೊಬ್ಬರಿಗೆ ಗೆಳೆಯರ ಫೋನ್ ಎತ್ತದಿರುವುದು. ಚೇತರಿಸಿಕೊಂಡಿರುವಾಗಲೇ ಮಗುವಿನ ಜೊತೆ ಕೂತು ಅಂಥ ಮೂರು ಚಿಹ್ನೆಗಳನ್ನು, ಅವು ಕಂಡರೆ ಯಾರಿಗೆ ಹೇಳಬೇಕು ಎಂಬುದನ್ನು, ವೈದ್ಯರ ಫೋನ್ ನಂಬರನ್ನು ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಯ ಫೈಲಿನೊಳಗಿಡಿ. ಮಾತ್ರೆ ನಿಲ್ಲಿಸಿದ ನಂತರದ ಆರು ತಿಂಗಳು, ಹತ್ತನೇ ತರಗತಿಯಿಂದ ಪಿಯುಗೆ ಹೋಗುವ ಜೂನ್ ತಿಂಗಳು, ಮೊದಲ ಸಲ ಹಾಸ್ಟೆಲ್‌ಗೆ ಬಿಟ್ಟು ಬರುವ ವಾರಗಳು, ಈ ಮೂರು ಹೊತ್ತಿನಲ್ಲಿ ಆ ಹಾಳೆ ತೆಗೆದು ನೋಡಿ. ಮೂರರಲ್ಲಿ ಎರಡು ಚಿಹ್ನೆ ಒಂದು ವಾರ ನಿಂತರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ ತೋರಿಸಿ.

ಇತಿ,
ಮಕ್ಕಳ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಕೆಲವರು, ಬೆಂಗಳೂರು